ಮರಳಿನಲ್ಲಿ ಮಿಸುಕಿದ ಹುಳು

ಒದ್ದೆ ಮರಳಿನ ವಾಸನೆ ಮೂಗಿಗೆ ಬಂದರೆ ಸಾಕು, ಜರಡಿಯವಳಿಗೆ ಅಪ್ಪನ ನೆನಪು. ಗಾರೆ ಕೆಲಸ ಮುಗಿಸಿ ಬಂದ ಅವನ ಅಂಗಿಗೆ ಮುಖ ಒತ್ತಿದಾಗ ಇದೇ ತಣ್ಣನೆಯ ವಾಸನೆ. ಈಗ ಅವಳದೂ ಅದೇ ಕಸುಬು. ಗಂಡ ಗೋಡೆಗೆ ಗಾರೆ ಬಳಿಯುತ್ತಾನೆ, ಇವಳು ಮರಳು ಜರಡಿ ಹಿಡಿಯುತ್ತಾಳೆ.

ವಾರದಿಂದ ಜರಡಿಯಲ್ಲಿ ಹಸಿರು ಹುಳುಗಳು ಸಿಗುತ್ತಿದ್ದವು. ಸತ್ತವೆಂದು ಎತ್ತಿ ಎಸೆಯುತ್ತಿದ್ದಳು. ಆ ದಿನ ಸಣ್ಣ ಸೊಂಟದ ಕಣಜವೊಂದು ತನಗಿಂತ ದಪ್ಪನೆಯ ಹುಳುವನ್ನು ಎಳೆದು ತಂದು ಮರಳಿನ ಬಿಲಕ್ಕೆ ಇಳಿಸಿತು. ಹೊರಬಂದು ಬಿಲ ಮುಚ್ಚಿ, ಪುಟ್ಟ ಕಲ್ಲೊಂದನ್ನು ಕಚ್ಚಿ ಹಿಡಿದು ತಟ್ಟಿ ತಟ್ಟಿ ದಮ್ಮಸು ಮಾಡಿತು.

ನಿನ್ನ ಗಂಡನಿಗಿಂತ ಚೊಕ್ಕ ಕೆಲಸ ಎಂದು ಮುದಿ ಮೇಸ್ತ್ರಿ ನಕ್ಕ. ಆಮೇಲೆ ಜರಡಿಯಿಂದ ಒಂದು ಹುಳು ಎತ್ತಿ ಅವಳ ಅಂಗೈಯಲ್ಲಿಟ್ಟು, ಕಡ್ಡಿಯಿಂದ ಮುಟ್ಟಿ ನೋಡೆಂದ. ಹುಳುವಿನ ಬಾಯಿ ಮಿಸುಕಿತು. ಪಕ್ಕೆಗೆ ಉಗುರಿನ ಚೂರಿನಷ್ಟು ಬಿಳಿ ಮೊಟ್ಟೆ ಅಂಟಿತ್ತು.

"ಸತ್ತಿಲ್ಲ ಕಣಮ್ಮ. ಕಣಜ ಕುಟುಕಿ ಮೈ ಮರಗಟ್ಟಿಸುತ್ತೆ, ಅಷ್ಟೆ. ಮರಿಗೆ ತಾಜಾ ಊಟ ಬೇಕಲ್ಲ."

ಅವಳು ಹುಳುವನ್ನು ಮೆಲ್ಲಗೆ ಮರಳಿನ ಮೇಲಿಟ್ಟಳು.

ಮನೆಯಲ್ಲಿ ಅತ್ತೆ ಎರಡು ತಿಂಗಳಿಂದ ಹೀಗೇ ಮಲಗಿದ್ದರು, ಪಾರ್ಶ್ವವಾಯು ಬಡಿದು. ಮಾತಿಲ್ಲ, ಕೈಕಾಲು ಆಡದು. ಬಾಯಿಗಿಟ್ಟದ್ದನ್ನು ನುಂಗುತ್ತಾ ಸೂರು ನೋಡುತ್ತಿದ್ದರು. ಬುದ್ಧಿಯೂ ಹೋಗಿದೆಯೆಂದು ಮನೆಯವರು ತಾವೇ ತೀರ್ಮಾನಿಸಿಕೊಂಡಿದ್ದರು. ಆ ಬೆಳಗ್ಗೆಯಷ್ಟೇ ಗಂಡ ಹೆಂಡತಿ ಮಂಚದ ಮೇಲಿಂದಲೇ ಟೇಪು ಹಾಯಿಸಿ ಗೋಡೆ ಅಳೆದು ಪೆನ್ಸಿಲ್ ಗೆರೆ ಎಳೆದಿದ್ದರು. ಅಮ್ಮ ಹೋದ ಮೇಲೆ ಇದನ್ನು ಒಡೆದರೆ ಕೋಣೆ ದೊಡ್ಡದಾಗುತ್ತೆ ಎಂದು ಅವನು. ಕಿಟಕಿ ಎಲ್ಲಿರಲಿ ಎಂದು ಇವಳು. ಟೇಪಿನ ತುದಿ ಹಿಡಿಯಲು ಅತ್ತೆಯ ದಿಂಬಿನ ಮೇಲೇ ಮಂಡಿಯೂರಿದ್ದಳು.

ಮನೆಗೆ ಹೋಗಿ ಬರುತ್ತೇನೆ ಎಂದಾಗ ಮೇಸ್ತ್ರಿ ಹೂಂಗುಟ್ಟಿದ. ಯಾರೂ ತುಳಿಯದಿರಲೆಂದು ಬಿಲದ ಸುತ್ತ ನಾಲ್ಕು ಇಟ್ಟಿಗೆ ಇಡುತ್ತಿದ್ದ.

ಓಡಿ ಬಂದವಳೇ ಅತ್ತೆಯ ಮುಖದ ಮೇಲೆ ಬಾಗಿದಳು.

"ಅತ್ತೆ, ನಾನು ಹೇಳೋದು ಕೇಳಿಸುತ್ತಾ? ಕೇಳಿಸಿದರೆ ಎರಡು ಸಲ ಕಣ್ಣು ಮುಚ್ಚಿ."

ಕಣ್ಣು ಮುಚ್ಚಿತು. ತೆರೆಯಿತು. ಮತ್ತೆ ಮುಚ್ಚಿತು. ಈ ಸಲ ತೆರೆದಾಗ ನೋಟ ಸೂರಿನ ಕಡೆ ಹೋಗಲಿಲ್ಲ. ಗೋಡೆಯ ಮೇಲೆ ಬೆಳಗ್ಗೆ ಎಳೆದಿದ್ದ ಪೆನ್ಸಿಲ್ ಗೆರೆಯ ಮೇಲೆ ನಿಂತಿತು.

ಊಟಕ್ಕೆಂದು ಬಂದ ಗಂಡ ಬಾಗಿಲಲ್ಲೇ ನಿಂತು ಎಲ್ಲ ನೋಡಿದ್ದ. ಹತ್ತಿರ ಬಂದು, ಗಾರೆ ಮೆತ್ತಿದ ಹೆಬ್ಬೆರಳಿನಿಂದ ಆ ಗೆರೆಯನ್ನು ಉಜ್ಜತೊಡಗಿದ. ಗೆರೆ ಹೋದರೂ ಕೈ ನಿಲ್ಲಲಿಲ್ಲ.

ಜರಡಿಯವಳು ಅಡುಗೆಮನೆಗೆ ಹೋಗಿ ಊಟವನ್ನು ಮೆತ್ತಗೆ ಮಿದಿದು ತಂದಳು. ಎರಡು ತಿಂಗಳಿಂದ ಉಣಿಸಿದವಳು ಅವಳೇ. ಇಂದು ಬಟ್ಟಲನ್ನು ಗಂಡನ ಕೈಗಿಟ್ಟಳು.