ಸಮಾಧಿಗೆ ಹಿಡಿಸದ ಭರಣಿ

2019ರ ನವೆಂಬರ್ 16, ಶನಿವಾರ, ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ಫುಸಾಯೆಯ ಅಸ್ಥಿ ತುಂಬಿದ ಭರಣಿ ಕುಸುಮೊತೊ ಮನೆತನದ ಸಮಾಧಿಯ ಬಾಯಿಯಲ್ಲಿ ಸಿಕ್ಕಿಕೊಂಡಿತು. ಸಿಕ್ಕಿಕೊಂಡಿತು ಎನ್ನುವುದೂ ಪೂರ್ತಿ ಸರಿಯಲ್ಲ. ಅದು ಒಳಗೆ ಹೋಗಲೇ ಇಲ್ಲ. ಕಲ್ಲುಕುಟಿಗ ಮುಂದಿನ ಚಪ್ಪಡಿ ಸರಿಸಿ, ಮಂಡಿಯೂರಿ, ಬಿಳಿ ಪಿಂಗಾಣಿಯ ಭರಣಿಯನ್ನು ಎರಡೂ ಕೈಯಲ್ಲಿ ಹಿಡಿದು ಕಿಂಡಿಯೊಳಕ್ಕೆ ತಳ್ಳಿದ. ಕಲ್ಲಿನ ಅಂಚಿಗೆ ಬಡಿದು ಠಣ್ ಎಂದಿತು. ಓರೆ ಮಾಡಿ ನೋಡಿದ. ಮತ್ತೆ ಠಣ್. ಮಂತ್ರ ಹೇಳುತ್ತಿದ್ದ ಗುರುಗಳು ಒಂದು ಉಸಿರಿನಷ್ಟು ನಿಂತು, ಏನೂ ಆಗದವರಂತೆ ಮುಂದುವರಿಸಿದರು.

"ಏನಯ್ಯಾ, ಏನಾಯ್ತು?" ಎಂದ ತೊಕುಜಿ ಚಿಕ್ಕಪ್ಪ.

"ಕಿಂಡಿ ಚಿಕ್ಕದು ಯಜಮಾನ್ರೆ."

"ಚಿಕ್ಕದಾಗೋದಕ್ಕೆ ಅದೇನು ಬಟ್ಟೇನಾ? ನಮ್ಮಪ್ಪ ಹೋದ, ನಮ್ಮಮ್ಮ ಹೋದ್ಲು, ನಮ್ಮಣ್ಣ ಹೋದ. ಎಲ್ಲರೂ ಸಲೀಸಾಗಿ ಹೋದ್ರಲ್ಲ."

"ಅವರ ಭರಣಿ ಇಷ್ಟು ದಪ್ಪ ಇರಲಿಲ್ಲ."

ಚಿಜುರು ಇದನ್ನೆಲ್ಲ ನೋಡುತ್ತ ನಿಂತಿದ್ದಳು. ಭರಣಿಯಲ್ಲಿದ್ದವಳು ಅವಳ ತಾಯಿ. ಸೆಪ್ಟೆಂಬರಿನ ಕೊನೆಯ ಭಾನುವಾರ ತಾಯಿ ತೀರಿಕೊಂಡ ಮೇಲೆ ಅವಳ ಒಳಗು ಹಲ್ಲು ಕೀಳಿಸಿಕೊಂಡ ದವಡೆಯ ಹಾಗಾಗಿತ್ತು: ಇದೆ ಎಂದು ಗೊತ್ತು, ಮುಟ್ಟಿದರೆ ಗೊತ್ತಾಗುವುದಿಲ್ಲ. ಅನ್ನ ಬಿಸಿಯೋ ತಣ್ಣಗೋ ಎಂದು ಅರ್ಧ ಉಂಡ ಮೇಲೆ ಯೋಚಿಸುತ್ತಿದ್ದಳು. ಇವತ್ತು ನಲವತ್ತೊಂಬತ್ತನೆಯ ದಿನ. ಇವತ್ತು ಅಸ್ಥಿ ಸಮಾಧಿ ಸೇರಬೇಕು. ಅದು ಸೇರಬಾರದು ಎನ್ನುವುದು ತಾಯಿಯ ಒಂದೇ ಒಂದು ಕೋರಿಕೆಯಾಗಿತ್ತು. ಆ ಕೋರಿಕೆ ಕೈತಪ್ಪಿ ಹೋಗುತ್ತಿರುವುದನ್ನು ಚಿಜುರು ಬೆಳಗಿನಿಂದ ಬೇರೆಯವರ ಮನೆಯ ವಿಷಯದಂತೆ ನೋಡುತ್ತಿದ್ದಳು.

ಗುಡ್ಡದ ಮೇಲಿನ ಆ ಸ್ಮಶಾನದಿಂದ ನಾಗಿಸೆ ಪಟ್ಟಣ ಪೂರ್ತಿ ಕಾಣುತ್ತದೆ. ಎರಡು ಸೇತುವೆ, ಹರಾಜುಕಟ್ಟೆಯ ಉದ್ದನೆಯ ತಗಡಿನ ಸೂರು, ಡಬ್ಬಿ ಮೀನಿನ ಕಾರ್ಖಾನೆಯ ಚಿಮಣಿ, ಅರ್ಧಕ್ಕರ್ಧ ಅಂಗಡಿಗಳ ಬಾಗಿಲು ಎಳೆದಿರುವ, ಮೇಲೆ ಸೂರು ಹೊದಿಸಿದ ಪೇಟೆಬೀದಿ, ರೈಲು ನಿಲ್ದಾಣ. ಅದರಾಚೆ ಸಮುದ್ರ. ಸಮುದ್ರದಲ್ಲಿ ಹಿನೆ ದ್ವೀಪ. ಚಿಜುರು ಈ ಊರಿನ ನೀರು ಸರಬರಾಜು ಇಲಾಖೆಯ ಪ್ರಯೋಗಾಲಯದಲ್ಲಿ ಇಪ್ಪತ್ತೆಂಟು ವರ್ಷಗಳಿಂದ ಕೆಲಸ ಮಾಡುತ್ತಾಳೆ. ಊರು ದೊಡ್ಡದಾಗುತ್ತದೆಂದು ನಂಬಿದ್ದ ಕಾಲದಲ್ಲಿ ದೊಡ್ಡ ದೊಡ್ಡ ಕೊಳವೆ ಹೂತರು. ಜನ ಕಡಿಮೆಯಾದರು, ಕೊಳವೆ ಹಾಗೇ ಉಳಿಯಿತು. ಈಗ ನೀರು ಆ ಕೊಳವೆಗಳಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಲ್ಲುತ್ತದೆ, ನಿಂತಷ್ಟೂ ಕ್ಲೋರಿನ್ ಇಳಿಯುತ್ತದೆ. ಆದ್ದರಿಂದ ಚಿಜುರುವಿನ ಕೆಲಸದಲ್ಲಿ ದೊಡ್ಡ ಪಾಲು, ಬೀದಿಯ ಕೊನೆಯ ನಲ್ಲಿಗಳನ್ನು ತಿರುಗಿಸಿ, ಯಾರೂ ಕುಡಿಯದ ಒಳ್ಳೆಯ ನೀರನ್ನು ಚರಂಡಿಗೆ ಬಿಡುವುದು. ಹಾಗೆ ಬಿಡುವಾಗ ಅವಳು ನಿಲ್ಲುತ್ತಿದ್ದ ಬಾಗಿಲುಗಳೆಲ್ಲ ತಾಯಿ ಒಂದು ಕಾಲದಲ್ಲಿ ಮೀನಿನ ತಳ್ಳುಗಾಡಿ ನಿಲ್ಲಿಸುತ್ತಿದ್ದ ಬಾಗಿಲುಗಳೇ. ಕ್ಷೌರದಂಗಡಿ ಈಗ ಖಾಲಿ ಜಾಗ. ಸಾರ್ವಜನಿಕ ಸ್ನಾನದ ಮನೆ ಈಗ ಕಾರು ನಿಲ್ಲಿಸುವ ಜಾಗ.

ಫುಸಾಯೆ ಹಿನೆ ದ್ವೀಪದವಳು. ದ್ವೀಪದವರೆಂದರೆ ಊರಿನವರಿಗೆ ಒಂದು ಮೆಟ್ಟಿಲು ಕೆಳಗೆ. ಮದುವೆಯಾಗಿ ಬಂದ ಮೇಲೆ ಅತ್ತೆ ಅವಳನ್ನು ಬೈಯಲಿಲ್ಲ, ಹೊಡೆಯಲಿಲ್ಲ. ಮನೆಯವರೆಲ್ಲ ಒಬ್ಬರಾದ ಮೇಲೊಬ್ಬರು ಅದೇ ತೊಟ್ಟಿಯ ಬಿಸಿನೀರಿಗಿಳಿಯುವುದು ಎಲ್ಲ ಕಡೆಯ ರೂಢಿ. ಆದರೆ ಅತ್ತೆ ಬದುಕಿದ್ದಷ್ಟು ಕಾಲವೂ ಸೊಸೆಯ ಸರದಿ ಕೊನೆಗೇ ಬಂತು. ಜ್ವರವಿದ್ದರೂ ಕೊನೆಗೆ. ಚಿಜುರುವನ್ನು ಹೆತ್ತು ಬಂದ ವಾರವೂ ಕೊನೆಗೆ.

ಆಸ್ಪತ್ರೆಯ ಹಾಸಿಗೆಯಲ್ಲಿ ಅವಳು ಹೇಳಿದ್ದಳು: "ಇಪ್ಪತ್ತಾರು ವರ್ಷ ಆ ಮುದುಕಿ ಮಿಂದ ನೀರಲ್ಲಿ ಮಿಂದಿದೀನಿ ಕಣೆ. ಇನ್ನು ಸತ್ತಮೇಲೂ ಅವಳ ಮಗ್ಗುಲಲ್ಲಿ ಮಲಗಿಸ್ಬೇಡ. ಪುಡಿ ಮಾಡಿ ಹಿನೆ ನೀರಿಗೆ ಹಾಕ್ಬಿಡು."

"ಚಿಕ್ಕಪ್ಪ ಒಪ್ಪಲ್ಲಮ್ಮ."

"ಅವನನ್ನ ಕೇಳು ಅಂದ್ನಾ ನಾನು?"

ಆದರೆ ಕೇಳದೆ ಆಗುವಂತಿರಲಿಲ್ಲ. ಮೀನುಗಾರರ ಸಂಘಕ್ಕೆ ಬಹಳ ಕಾಲ ಅಧ್ಯಕ್ಷನಾಗಿದ್ದವನು ತೊಕುಜಿ ಚಿಕ್ಕಪ್ಪ. ಬೇರೆ ಊರಿನವರು ದೋಣಿ ಬಾಡಿಗೆಗೆ ಹಿಡಿದು ಬಂದು ಬೂದಿ ಬಿಡತೊಡಗಿದಾಗ, ನಾಗಿಸೆಯ ಮೀನನ್ನು ಇನ್ನು ಯಾರು ಕೊಳ್ಳುತ್ತಾರೆ ಎಂದು ಪುರಸಭೆಯಲ್ಲಿ ಮೇಜು ಗುದ್ದಿ ನಿಯಮ ಮಾಡಿಸಿದವನು ಅವನೇ. ದಡದಿಂದಲೂ ದ್ವೀಪದಿಂದಲೂ ಐದು ಕಿಲೋಮೀಟರ್ ಒಳಗೆ ಅಸ್ಥಿ ಬಿಡುವಂತಿಲ್ಲ. ಅಂತ್ಯಕ್ರಿಯೆಯ ಮರುದಿನ ಚಿಜುರು ವಿಷಯ ತೆಗೆದಾಗ ಅವನು ಊಟದ ಕಡ್ಡಿಗಳನ್ನು ಕೆಳಗಿಟ್ಟಿದ್ದ.

"ಮನೆತನದ ಸಮಾಧಿ ಅಂದ್ರೆ ಛತ್ರ ಅಂದ್ಕೊಂಡ್ಯಾ? ಹಿಡಿಸಿದ್ರೆ ಇಳ್ಕೊಳ್ಳೋದು, ಇಲ್ಲಾಂದ್ರೆ ಗಂಟು ಕಟ್ಕೊಂಡು ಹೋಗೋದು? ನಮ್ಮಣ್ಣ ಅಲ್ಲಿ ಒಬ್ನೇ ಕಾಯ್ತಿದಾನೆ."

"ಒಬ್ರೇ ಅಲ್ಲ, ಅಜ್ಜಿ ಇದಾರೆ," ಎಂದಿದ್ದಳು ಚಿಜುರು.

"ಅದಕ್ಕೇ ಕಾಯ್ತಿರೋದು," ಎಂದು ಚಿಕ್ಕಪ್ಪ ನಕ್ಕಿದ್ದ. ಅವಳಿಗೂ ನಗಬೇಕಾದ ಜಾಗ ಅದೆಂದು ಗೊತ್ತಾಗಿತ್ತು. ನಗು ಬರಲಿಲ್ಲ, ವಾದವೂ ಬರಲಿಲ್ಲ. ಆಗಲಿ ಎಂದುಬಿಟ್ಟಳು.

ಆ ದಿನಗಳಲ್ಲಿ ಅವಳು ಎಲ್ಲದಕ್ಕೂ ಆಗಲಿ ಎನ್ನುತ್ತಿದ್ದಳು. ಹೂವಿನ ಬಣ್ಣಕ್ಕೆ ಆಗಲಿ, ಊಟದ ಪೆಟ್ಟಿಗೆಗೆ ಆಗಲಿ. ಪೂರ್ವದ ಸೆಂದಾಯ್‌ನಿಂದ ಬಂದಿದ್ದ ತಮ್ಮನ ಹೆಂಡತಿ ಶಿಹೊ, "ಅತ್ತಿಗೆ, ನೀವು ಕೂತಿರಿ, ಭರಣಿಗೆ ನಾನು ಹೇಳ್ತೀನಿ," ಎಂದಾಗಲೂ ಆಗಲಿ ಎಂದಳು. ಶಿಹೊ ತನ್ನ ಊರಿನ ಅಳತೆಯ ಭರಣಿಗೇ ಹೇಳಿದಳು. ಅವಳ ಕಡೆ ಸುಟ್ಟ ಮೇಲೆ ಮೂಳೆಯೆಲ್ಲವನ್ನೂ, ಕೊನೆಯ ಪುಡಿಯವರೆಗೆ, ಎತ್ತಿ ತುಂಬುತ್ತಾರೆ. ಒಂದು ಚೂರು ಬಿಟ್ಟರೂ ಸತ್ತವರನ್ನು ಅರ್ಧ ದಾರಿಯಲ್ಲಿ ಬಿಟ್ಟ ಹಾಗೆ. ನಾಗಿಸೆಯಲ್ಲಿ ಹಾಗಿಲ್ಲ. ಕಾಲಿನದಿಷ್ಟು, ಸೊಂಟದ್ದಿಷ್ಟು, ತಲೆಯದಿಷ್ಟು, ಕೊನೆಗೆ ಕೈಮುಗಿದು ಕೂತ ಬುದ್ಧನಂತೆ ಕಾಣುವ ಕೊರಳಿನ ಮೂಳೆ. ಅಂಗೈಯಲ್ಲಿ ಹಿಡಿಸುವ ಭರಣಿ ತುಂಬಿದರೆ ಮುಗಿಯಿತು. ಉಳಿದದ್ದು ಚಿತಾಗಾರದವರಿಗೆ. ಅವರು ಅದನ್ನು ಏನು ಮಾಡುತ್ತಾರೆಂದು ಯಾರೂ ಕೇಳುವುದಿಲ್ಲ.

ಅವತ್ತು ಚಿತಾಗಾರದವನು ದೊಡ್ಡ ಭರಣಿ ಕಂಡು ಚಿಜುರುವಿನ ಮುಖ ನೋಡಿದ್ದ. ಚಿಜುರು ತಲೆಯಾಡಿಸಿದ್ದಳು. ಇಬ್ಬಿಬ್ಬರು ಜೊತೆಯಾಗಿ, ಉದ್ದದ ಕಡ್ಡಿಗಳಲ್ಲಿ ಒಂದೊಂದೇ ಚೂರನ್ನು ಹಿಡಿದೆತ್ತಿ ತುಂಬಿದರು. ಕೊರಳಿನ ಬುದ್ಧನನ್ನು ಎತ್ತುವ ಪಾಳಿ ಅವಳಿಗೆ ಬಂತು. ಅದು ಬೆನ್ನೆಲುಬಿನ ಎರಡನೆಯ ಮಣಿ ಎಂದು ಅವಳಿಗೆ ಕಾಲೇಜಿನ ದಿನಗಳಿಂದ ಗೊತ್ತು. ಬುದ್ಧನೂ ಕಂಡ. ಎರಡರಲ್ಲಿ ಯಾವುದೂ ಅವಳನ್ನು ಅಲುಗಿಸಲಿಲ್ಲ.

ಈಗ ಸಮಾಧಿಯ ಮುಂದೆ ಶಿಹೊ ಮುಖ ಕೆಂಪಗೆ ಮಾಡಿಕೊಂಡು ನಿಂತಿದ್ದಳು.

"ತಪ್ಪಾಯ್ತು ಚಿಕ್ಕಪ್ಪ. ಎಲ್ಲಾ ಕಡೆ ಇದೇ ಅಳತೆ ಅಂದ್ಕೊಂಡಿದ್ದೆ."

"ಸೆಂದಾಯ್‌ನಲ್ಲಿ ಸತ್ತೋರೆಲ್ಲ ಗುಡಾಣದಲ್ಲಿ ಮಲಗ್ತಾರಾ?"

"ಹೂಂ ಚಿಕ್ಕಪ್ಪ. ಕಾಲು ಚಾಚ್ಕೊಂಡು," ಎಂದಳು ಶಿಹೊ, ಅಳು ನುಂಗಿಕೊಂಡು. ಕಲ್ಲುಕುಟಿಗ ನಗು ತಡೆಯಲು ಕೆಮ್ಮಿದ.

ಮಂತ್ರ ಮುಗಿದಿತ್ತು. ಗುರುಗಳು ಜಪಸರ ಸುತ್ತಿಕೊಳ್ಳುತ್ತ ಸಮಾಧಾನದ ದನಿಯಲ್ಲಿ ಹೇಳಿದರು: "ದೇವಸ್ಥಾನದಲ್ಲಿ ಚಿಕ್ಕ ಭರಣಿ ಒಂದಿದೆ. ಹೀಗೆ ಮೊದಲೂ ಆಗಿದೆ. ಇಲ್ಲೇ ಬದಲಾಯಿಸಿಬಿಡೋಣ."

ಭರಣಿ ಬಂತು. ಬಿಳಿ ಬಟ್ಟೆ ಹಾಸಿದರು. ಪದ್ಧತಿಯ ಪ್ರಕಾರ ಕಾಲಿನ ಮೂಳೆಯಿಂದ ಶುರುವಾಗಬೇಕು. ಆದರೆ ಕಾಲಿನದು ದೊಡ್ಡ ಭರಣಿಯ ತಳದಲ್ಲಿತ್ತು. ಗಾಳಿ ಬೀಸುತ್ತಿತ್ತು. ಪೂರ್ತಿ ಸುರಿದರೆ ಪುಡಿ ಹಾರುವಂತಿತ್ತು. "ಮೇಲಿಂದಾನೇ ತೆಗೀರಿ ಗುರುಗಳೆ, ತಲೆ ಬಂದ್ರೆ ಮಿಕ್ಕದ್ದೆಲ್ಲ ಬಂದ ಹಾಗೆ," ಎಂದ ಚಿಕ್ಕಪ್ಪ. ಗುರುಗಳು ಕ್ಷಣ ಯೋಚಿಸಿ ಒಪ್ಪಿದರು. ಕೊರಳಿನ ಬುದ್ಧನನ್ನೂ ತಲೆಬುರುಡೆಯ ಚೂರುಗಳನ್ನೂ ಬಟ್ಟೆಯ ಮೇಲಿಟ್ಟು, ಅವುಗಳ ಕೆಳಗಿದ್ದ ಭುಜ, ಪಕ್ಕೆಗಳ ಒಂದಿಷ್ಟನ್ನು ಚಿಕ್ಕ ಭರಣಿಗೆ ತುಂಬಿ, ಅದರ ಮೇಲೆ ತಲೆ, ಅದರ ಮೇಲೆ ಬುದ್ಧ. ಮುಚ್ಚಳ ಕೂತಿತು. ಕಲ್ಲುಕುಟಿಗ ಅದನ್ನು ಕಿಂಡಿಯೊಳಗೆ ಇಳಿಸಿ, ಅವಳ ಗಂಡನ ಭರಣಿಗೂ ಅತ್ತೆಯ ಭರಣಿಗೂ ನಡುವೆ ಇಟ್ಟ. ಚಪ್ಪಡಿ ಎಳೆದ.

ಬಟ್ಟೆಯ ಪಕ್ಕದಲ್ಲಿ ದೊಡ್ಡ ಭರಣಿ ಹಾಗೇ ಇತ್ತು. ಅರ್ಧಕ್ಕಿಂತ ಹೆಚ್ಚು ತುಂಬಿತ್ತು.

"ಇದೇನು ಮಾಡೋದು?" ಎಂದ ತಮ್ಮ ಕೋಹೆಯ್. ಬೆಳಗಿನಿಂದ ಅವನು ಆಡಿದ ಮೊದಲ ಮಾತು ಅದು.

ಊರ ರೂಢಿಯಂತೆ ನಡೆದಿದ್ದರೆ ಅದು ಇಲ್ಲಿಗೆ ಬರಲೇಬಾರದಿತ್ತು. ಚಿತಾಗಾರದಲ್ಲಿಯೇ ಉಳಿದು, ಯಾರದೂ ಆಗದೆ ಹೋಗಬೇಕಿತ್ತು.

"ಅದು ನನಗೆ," ಎಂದಳು ಚಿಜುರು.

ಚಿಕ್ಕಪ್ಪ ಅವಳತ್ತ ತಿರುಗಿದ. "ನಿನಗ್ಯಾಕೆ?"

"ಹಿಡಿಸಿದಷ್ಟು ಮನೆತನಕ್ಕಾಯ್ತು. ಮಿಕ್ಕದ್ದನ್ನ ನಮ್ಮೂರಲ್ಲಿ ಯಾರೂ ಕೇಳಲ್ಲ. ನೀವೂ ಕೇಳಂಗಿಲ್ಲ ಚಿಕ್ಕಪ್ಪ."

ದನಿ ಏರಿರಲಿಲ್ಲ. ನಲ್ಲಿಯ ನೀರಿನ ವರದಿ ಓದುವಾಗಿನ ದನಿಯೇ ಅದು. ಚಿಕ್ಕಪ್ಪ ಗುರುಗಳ ಕಡೆ ನೋಡಿದ. ಗುರುಗಳು ಸಮುದ್ರದ ಕಡೆ ನೋಡಿದರು.

"ಅದರಲ್ಲಿ ಏನುಳಿದಿದೆ?" ಎಂದು ಕೊನೆಗೆ ಕೇಳಿದ.

"ಸೊಂಟ. ಕಾಲು."

"ಕಾಲು," ಎಂದ ಚಿಕ್ಕಪ್ಪ. ಟೋಪಿ ತೆಗೆದು ತಲೆ ಕೆರೆದುಕೊಂಡ. "ಅತ್ತಿಗೆ ಕಾಲು ಯಾವತ್ತು ನಮ್ಮನೇಲಿ ನಿಂತಿತ್ತು? ತಗೊಂಡ್ಹೋಗು."

ಮುಂದಿನ ಶನಿವಾರ ಮಧ್ಯಾಹ್ನ ಚಿಜುರು ಅಡಿಗೆಮನೆಯ ಕಿಟಕಿ ತೆರೆದಿಟ್ಟು, ಎಳ್ಳು ಅರೆಯುವ ಗೀರುಗಳಿದ್ದ ಮಣ್ಣಿನ ಬಟ್ಟಲಿನಲ್ಲಿ ಮೂಳೆ ಅರೆದಳು. ಎರಡು ಮಿಲಿಮೀಟರಿನ ಜರಡಿ ಹಿಡಿದಳು. ಮೇಲೆ ಉಳಿದದ್ದನ್ನು ಮತ್ತೆ ಅರೆದಳು. ತೊಡೆಯ ಮೂಳೆ ಗಟ್ಟಿ, ಪಾದದ್ದು ಸುಲಭ. ವಾಸನೆ ಇರಲಿಲ್ಲ. ನಡುವೆ ಒಮ್ಮೆ ಬಾಗಿಲಿಗೆ ನೆರೆಮನೆಯಾಕೆ ಬಂದು, ಸೋಮವಾರದ ಕಸದ ಪಾಳಿ ನಿಮ್ಮದು ಎಂದು ನೆನಪಿಸಿ, "ಎಳ್ಳು ಅರೀತಿದೀರಾ? ಸದ್ದು ಕೇಳ್ತಿತ್ತು," ಎಂದಳು. ಹೌದು ಎಂದಳು ಚಿಜುರು. ನೀರಿನಲ್ಲಿ ಕರಗುವ ಕಾಗದದ ಪೊಟ್ಟಣಗಳಿಗೆ ಪುಡಿ ತುಂಬಿ, ಕೈ ತೊಳೆದು, ಬಟ್ಟಲನ್ನೂ ತೊಳೆದಳು. ತೊಳೆದ ನೀರನ್ನು ಅಡಿಗೆಮನೆಯ ಬಚ್ಚಲಿಗೆ ಬಿಡಲು ಕೈ ಬರಲಿಲ್ಲ. ಬಾಗಿಲಾಚೆಯ ಕುಂಡದ ಗಿಡಕ್ಕೆ ಹಾಕಿದಳು.

ಸಂಜೆ ಚಿಕ್ಕಪ್ಪನ ಫೋನು ಬಂತು.

"ನಾಳೆ ದೋಣಿ ತೆಗೀತೀನಿ. ಸುಮ್ನೆ ಬಿಟ್ರೆ ಇಂಜಿನ್ ಹಾಳಾಗತ್ತೆ. ಬರೋದಾದ್ರೆ ಏಳಕ್ಕೆ ಬಾ."

"ಎಲ್ಲಿಗೆ?"

"ಸಮುದ್ರಕ್ಕೆ. ದೋಣೀನ ಪೇಟೆಬೀದೀಲಿ ಓಡಿಸ್ತಾರಾ?"

ಭಾನುವಾರ ಬಿಸಿಲಿತ್ತು, ಅಲೆ ಸಣ್ಣದಿತ್ತು. ಹರಾಜುಕಟ್ಟೆ ದಾಟಿ, ಅಲೆತಡೆಯ ಗೋಡೆ ದಾಟಿ, ದೋಣಿ ಹಿನೆ ದ್ವೀಪದ ಪಕ್ಕದಲ್ಲೇ ಹೋಯಿತು. ಬಂದರುಕಟ್ಟೆಯ ಮೆಟ್ಟಿಲಿನ ಮೇಲೆ ಹುಲ್ಲು ಬೆಳೆದಿತ್ತು. ಚಿಜುರು ಚೀಲದ ಮೇಲೆ ಕೈ ಇಟ್ಟಳು. ಚಿಕ್ಕಪ್ಪ ವೇಗ ತಗ್ಗಿಸಲಿಲ್ಲ.

"ಇಲ್ಲಿ ಅಲ್ಲ," ಎಂದ. "ಇಲ್ಲೆಲ್ಲ ಗೆರೆಯೊಳಗೆ. ಗೆರೆ ಎಳೆಸಿದೋನು ನಾನು, ನಾನೇ ತುಳಿದ್ರೆ ಸಂಘದ ಹುಡುಗ್ರು ನನ್ನ ಮುಖಕ್ಕೆ ಉಗೀತಾರೆ."

"ಅಮ್ಮ ಹಿನೆ ನೀರು ಅಂದಿದ್ಲು."

"ನೀರು ತಾನೇ. ಗೆರೆ ನೋಡ್ಕೊಂಡು ಹರಿಯತ್ತಾ ಅದು?"

ದ್ವೀಪ ಹಿಂದೆ ಬಿತ್ತು, ಚಿಕ್ಕದಾಯಿತು. ಅವನು ಪರದೆಯ ಮೇಲಿನ ನಕ್ಷೆಯನ್ನು ಎರಡು ಸಲ ನೋಡಿ ಇಂಜಿನ್ ನಿಲ್ಲಿಸಿದ. ಸದ್ದು ನಿಂತ ಮೇಲೆ ದೋಣಿಯ ಮೈಗೆ ನೀರು ಬಡಿಯುವುದು ಕೇಳಿಸಿತು. ಅವನು ಅವಳಿಗೆ ಬೆನ್ನು ಮಾಡಿ, ಮುಂಭಾಗಕ್ಕೆ ಹೋಗಿ ಕೂತು, ಸಿಗರೇಟು ಹಚ್ಚಿದ.

"ಒಂದ್ಸಲ ಹರಾಜಲ್ಲಿ ಎಲ್ಲರೆದುರು ನನ್ನ ಮೀನಿಗೆ ವಾಸನೆ ಬಂದಿದೆ ಅಂದ್ಬಿಟ್ಲು ಅತ್ತಿಗೆ," ಎಂದ ಅಲ್ಲಿಂದಲೇ. "ಸ್ವಂತ ಮೈದುನನ ಮೀನಿಗೆ."

"ಬಂದಿತ್ತಾ?"

"ಬಂದಿತ್ತು."

ಚಿಜುರು ಬದಿಗೆ ಬಗ್ಗಿ ಪೊಟ್ಟಣಗಳನ್ನು ಒಂದೊಂದಾಗಿ ನೀರಿಗೆ ಬಿಟ್ಟಳು. ಕಾಗದ ಮೆತ್ತಗಾಯಿತು, ಬಿಚ್ಚಿಕೊಂಡಿತು, ಒಳಗಿನದು ಬಿಳಿಯ ಹೊಗೆಯಂತೆ ಇಳಿಯಿತು. ಈಗಲಾದರೂ ಅಳು ಬರಬಹುದು ಎಂದು ಅವಳು ಕಾದಳು. ಮೊಣಕೈ ತನಕ ಕೈ ನೀರಿನಲ್ಲಿತ್ತು; ನೀರು ತಣ್ಣಗಿದೆ ಎಂದು ಗೊತ್ತಾಯಿತು. ಬಹಳ ತಣ್ಣಗಿತ್ತು. ಅಷ್ಟೇ ಬಂತು. ಅರ್ಧದಷ್ಟು ತಾಯಿ ಆ ಗುಡ್ಡದ ಮೇಲೆ, ತಾನು ಬೇಡವೆಂದ ಜಾಗದಲ್ಲೇ ಇದ್ದಳು. ಅದನ್ನು ಇನ್ನು ಯಾರೂ ಬದಲಾಯಿಸುವಂತಿರಲಿಲ್ಲ. ಕೈ ಮರಗಟ್ಟುವ ತನಕ ಅವಳು ಅದನ್ನು ಹೊರಗೆ ತೆಗೆಯಲಿಲ್ಲ.

"ಆಯ್ತಾ?"

"ಆಯ್ತು."

"ಜಾಗ ಗುರುತು ಮಾಡ್ಕೊಂಡಿದೀನಿ. ಮುಂದಿನ ವರ್ಷ ಇಂಜಿನ್ ಓಡಿಸ್ಬೇಕಾದ್ರೆ ಬರೋಣ." ಸಿಗರೇಟನ್ನು ಡಬ್ಬಿಗೆ ಒತ್ತಿದ. "ಆಳ ಎಷ್ಟು ತೋರಿಸ್ತಿದೆ ನೋಡು. ನನ್ನ ಕನ್ನಡಕ ಅಲ್ಲೇ ಚುಕ್ಕಾಣಿ ಹತ್ರ ಇದೆ."

ಅವಳು ಒದ್ದೆ ಕೈಯನ್ನು ಕೋಟಿಗೆ ಒರೆಸಿಕೊಂಡು ಆಳಮಾಪಕದ ಪರದೆಗೆ ಬಗ್ಗಿದಳು. 73.4 ಮೀಟರ್.