ಕತ್ತರಿ ಅಕ್ಕ ತಿದ್ದದ ಕಾಗದ

ಪಂಪು ಮಾರುವ ಆ ಕಚೇರಿಯಿಂದ ಹೊರಬೀಳುವ ಪ್ರತಿಯೊಂದು ಇಂಗ್ಲಿಷ್ ಕಾಗದವೂ ಮೊದಲು ಕತ್ತರಿ ಅಕ್ಕನ ಮೇಜಿಗೆ ಬರಬೇಕು. ಆ ಹೆಸರು ಕಚೇರಿಯವರೇ ಇಟ್ಟದ್ದು. ಅಕ್ಕ ಕಾಗದವನ್ನು ನಿಂತುಕೊಂಡು ಗಟ್ಟಿಯಾಗಿ ಓದುತ್ತಾಳೆ. ಮಾತು ಮುಗಿದರೂ ವಾಕ್ಯ ಮುಗಿಯದೆ ಒಂದು ಕಾಮಾ ಹಿಡಿದುಕೊಂಡು ಮುಂದಿನ ಮಾತಿಗೆ ನುಗ್ಗಿದ ಕಡೆಯೆಲ್ಲ ಕೆಂಪು ಚುಕ್ಕಿ ಇಟ್ಟು ತುಂಡರಿಸುತ್ತಾಳೆ.

ಹೆಚ್ಚು ತುಂಡಾಗುತ್ತಿದ್ದದ್ದು ಮ್ಯಾನೇಜರ ಕಾಗದಗಳೇ. ಆ ಮಹಾನುಭಾವರಿಗೆ ಫುಲ್‌ಸ್ಟಾಪ್ ಎಂದರೆ ಅವಮಾನ. ಪಂಪು ಕೆಟ್ಟದ್ದು, ಗಿರಾಕಿ ಬೈದದ್ದು, ತಮ್ಮ ಮಂಡಿನೋವು, ಎಲ್ಲವೂ ಒಂದೇ ವಾಕ್ಯದಲ್ಲಿ ಮೆರವಣಿಗೆ ಹೊರಡುತ್ತಿದ್ದವು. ಹನ್ನೊಂದು ವರ್ಷ ಅದನ್ನೆಲ್ಲ ತಿದ್ದಿ ಅಕ್ಕ ಅವರ ಮಾನ ಉಳಿಸಿದ್ದಳು. ಈಗ ಪತ್ರ ವಿಭಾಗಕ್ಕೆ ಒಬ್ಬ ಮುಖ್ಯಸ್ಥರು ಬೇಕಾಗಿದ್ದರು. ಆ ಕುರ್ಚಿ ತನಗೇ ಎಂದು ಅಕ್ಕ ನಂಬಿದ್ದಳು, ಮನಸಾರೆ ಆಸೆಪಟ್ಟೂ ಇದ್ದಳು.

ಅದಕ್ಕೆ ಮ್ಯಾನೇಜರು ಹೆಡ್ಡಾಫೀಸಿಗೆ ಬರೆದ ಶಿಫಾರಸು ಪತ್ರವೂ ತಿದ್ದುವುದಕ್ಕೆ ಅವಳ ಮೇಜಿಗೇ ಬಂತು. ಒಂದು ಪುಟ, ಒಂದೇ ವಾಕ್ಯ. ನಡುವೆ ಎಲ್ಲೋ ಅವಳ ಸುದ್ದಿಯೂ ಸಿಕ್ಕಿತು: ಹೊತ್ತಿಗೆ ಸರಿಯಾಗಿ ಬರುತ್ತಾರೆ, ಗಲಾಟೆ ಮಾಡುವುದಿಲ್ಲ. ವಾಕ್ಯದ ಕೊನೆಯಲ್ಲಿ ಕುರ್ಚಿ ಹತ್ತಿದ್ದು ಮಾತ್ರ ಮ್ಯಾನೇಜರ ಬಾಮೈದ. ಒಂದು ರಜಾ ಚೀಟಿಯನ್ನೂ ನೆಟ್ಟಗೆ ಬರೆಯಲು ಬಾರದ ಭೂಪ!

ಅಕ್ಕನಿಗೆ ಮೈಯೆಲ್ಲ ಉರಿಯಿತು. ಕೆಂಪು ಪೆನ್ನು ಎತ್ತಿದವಳು ಹಾಗೇ ಕೆಳಗಿಟ್ಟಳು. ಇದ್ದ ಹಾಗೇ ಹೋಗಲಿ, ಈ ಮನುಷ್ಯನ ಬಂಡವಾಳ ಏನೆಂದು ಮೇಲಿನವರೂ ನೋಡಲಿ ಎಂದುಕೊಂಡಳು. ಒಂದು ಚುಕ್ಕಿಯನ್ನೂ ಇಡದೆ, 'ತಿದ್ದಲಾಗಿದೆ' ಎಂಬ ಮೊಹರು ಒತ್ತಿ ಕಳಿಸಿಬಿಟ್ಟಳು.

ವಾರ ಕಳೆದು ಉತ್ತರ ಬಂತು. ಮ್ಯಾನೇಜರು ಹಲ್ಲುಕಿರಿಯುತ್ತಲೇ ಅವಳ ಮೇಜಿನ ಹತ್ತಿರ ಬಂದರು.

"ನೋಡಮ್ಮಾ, ಹೆಡ್ಡಾಫೀಸಿನವರು ಏನ್ ಬರ್ದಿದಾರೆ! ಇಷ್ಟು ವರ್ಷ ನಮ್ಮ ಕಾಗದಗಳು ತುಂಡುತುಂಡಾಗಿ ಇರ್ತಿದ್ವಂತೆ, ಈ ಸಲದ್ದು ನೀರು ಹರಿದ ಹಾಗಿದೆಯಂತೆ. ಬಾಮೈದನಿಗೆ ಕೆಲಸ ಗಟ್ಟಿ ಆಯ್ತು. ನಾಳೆಯಿಂದ ನೀನೇ ಅವನಿಗೆ ಸ್ವಲ್ಪ ಕೆಲಸ ಕಲಿಸ್ಬಿಡು."

ಅಕ್ಕ ಉತ್ತರವನ್ನು ಇಸಿದುಕೊಂಡು ನೋಡಿದಳು. ಅದೂ ಒಂದು ಪುಟ, ಒಂದೇ ವಾಕ್ಯ. ಹನ್ನೊಂದು ವರ್ಷ ತಾನು ಕಣ್ಣು ಸವೆಸಿ ತಿದ್ದಿದ್ದನ್ನು ಓದುತ್ತಿದ್ದವರು ಇಂಥವರು! ಅವಳಿಗೆ ಅಳು ಬಂತು, ಅಳುವಿಗಿಂತ ಹೆಚ್ಚಾಗಿ ಅಸಹ್ಯವಾಯಿತು.

"ಕಲಿಸೋಕೆ ಏನಿದೆ ಸಾರ್? ಅವರಿಗೆ ಏನೂ ಬರಲ್ಲ, ಇಲ್ಲಿಗೆ ಬೇಕಾಗಿರೋದೂ ಅಷ್ಟೇ. ನಾನು ಕಲಿಸಿದ್ರೆ ಕೆಟ್ಟುಹೋಗ್ತಾರೆ" ಎಂದಳು.

"ಅದೂ ಸರೀನೇ ಬಿಡು" ಎಂದು ಮ್ಯಾನೇಜರು ಹೆಮ್ಮೆಯಿಂದ ತಲೆಯಾಡಿಸಿದರು.