ಅಪ್ಪನ ಕಂಪ್ಯೂಟರಿನ ನಂಬರು

ನೆಟ್‌ವರ್ಕ್ ಕಾರ್ಡಿಗೆ ಏನೂ ಆಗಿರಲಿಲ್ಲ. ಹೋದ ವಾರ ಹಾಕಿದವಳು ನಾನೇ, ನನಗೆ ಗೊತ್ತಿಲ್ಲವೆ? ಆದರೂ ಅಣ್ಣ ಫೋನ್ ಮೇಲೆ ಫೋನ್ ಮಾಡಿದ. "ಎಂಥಾ ಕಾರ್ಡ್ ಹಾಕಿದೀಯೇ? ಚಿತ್ರಾನೇ ಬರ್ತಿಲ್ಲ. ಅಪ್ಪ ಬೆಳಗ್ಗಿಂದ ಕೋಲಲ್ಲಿ ನೆಲ ಬಡೀತಿದಾರೆ, ತಲೆ ಚಿಟ್ಟು ಹಿಡೀತು." ನನ್ನ ಮೈಯೆಲ್ಲ ಉರಿದುಹೋಯಿತು. ಕಂಡವರ ಕಂಪ್ಯೂಟರ್ ರಿಪೇರಿ ಮಾಡಿ ಹೊಟ್ಟೆ ಹೊರೆಯುವ ನಾನು ತವರಿನಲ್ಲೇ ಹೆಸರು ಕೆಡಿಸಿಕೊಳ್ಳಬೇಕೆ?

ತವರೆಂದರೆ ಕೆಳಗೆ ಪ್ರೆಸ್ಸು, ಮೇಲೆ ಮನೆ. ಮಂಡಿ ಕೈಕೊಟ್ಟ ಮೇಲೆ ಅಪ್ಪ ಮೆಟ್ಟಿಲಿಳಿದಿಲ್ಲ, ಪ್ರೆಸ್ಸು ನೋಡಿಕೊಳ್ಳುವುದು ಅಣ್ಣ. ಪ್ರೆಸ್ಸಿನಲ್ಲೊಂದು ಕ್ಯಾಮೆರಾ ಇಟ್ಟು, ಅದರ ಚಿತ್ರ ಅಪ್ಪನ ಕೋಣೆಯ ಹಳೇ ಕಂಪ್ಯೂಟರಿಗೆ ಬರುವ ಹಾಗೆ ಮಾಡಿದ್ದೆ. ಅಪ್ಪ ದಿನವಿಡೀ ನೋಡುವುದು ಒಂದನ್ನೇ, ಮೂಲೆಯಲ್ಲಿರುವ, ಕಾಲಲ್ಲಿ ತುಳಿದು ಅಚ್ಚು ಹಾಕುವ ತಮ್ಮ ಟ್ರೆಡಲ್ ಮಷೀನನ್ನು. ಅದನ್ನು ತುಳಿದು ತುಳಿದೇ ನಮ್ಮಿಬ್ಬರನ್ನೂ ಓದಿಸಿದರು. ಈಗಲೂ ರಸೀದಿ ಪುಸ್ತಕಗಳಿಗೆ ನಂಬರು ಹಾಕುವುದು ಅದರಲ್ಲೇ.

ನಾನು ಹೋದಾಗ ಪ್ರೆಸ್ಸಿನ ಬಾಗಿಲೆದುರು ಟಾರ್ಪಾಲು ಹೊದಿಸಿದ ಲಾರಿಯೊಂದು ಅಡ್ಡ ನಿಂತಿತ್ತು. "ಬೀದಿ ನಿಮ್ಮಪ್ಪಂದಾ?" ಎಂದು ಡ್ರೈವರಿಗೆ ಬೈದೆ. "ಇನ್ನೇನು ಹೊರಟೆ ಅಕ್ಕಾ" ಎಂದ ಪಾಪದವನು. ನಾನು ಸ್ಕೂಟರ್ ನಿಲ್ಲಿಸಿ, ಹೊರಗಿನ ಮೆಟ್ಟಿಲು ಹತ್ತಿ ನೆಟ್ಟಗೆ ಅಪ್ಪನ ಕೋಣೆಗೆ ಹೋದೆ.

ಕಿಟಕಿ ಪಕ್ಕ ಕೂತಿದ್ದ ಅಪ್ಪ, "ಬಂದ್ಯಾ? ಇಲ್ಲಿ ಕೇಳು" ಎಂದರು.

"ಇರಿ ಅಪ್ಪಾ, ಮೊದಲು ಇದರ ಗ್ರಹಚಾರ ಬಿಡಿಸ್ತೀನಿ."

ಕಂಪ್ಯೂಟರಿನ ಡಬ್ಬ ಬಿಚ್ಚಿದೆ. ಕಾರ್ಡು ಕಿತ್ತು, ಅಂಚನ್ನು ರಬ್ಬರಿನಿಂದ ಉಜ್ಜಿ, ಪಕ್ಕದ ಸ್ಲಾಟಿಗೆ ಒತ್ತಿ ಸ್ಕ್ರೂ ಬಿಗಿದೆ. "ಅಲ್ಲ ಕಣೇ…" ಎಂದರು ಅಪ್ಪ. "ಒಂದ್ನಿಮಿಷ!" ಎಂದು ರೇಗಿದೆ. ಕಾರ್ಡಿನ ಸಾಫ್ಟ್‌ವೇರ್ ಹೊಸದಾಗಿ ಹಾಕಿ, ನೆಟ್‌ವರ್ಕಿನಲ್ಲಿ ಆ ಕಂಪ್ಯೂಟರಿಗೆ ಗೊತ್ತುಮಾಡಿದ್ದ ನಂಬರು ಕೊಟ್ಟೆ. ಕೂಡಲೇ ಪರದೆಯ ಮೇಲೆ ಬಂತು: ಈ ನಂಬರು ಆಗಲೇ ಇನ್ನೊಂದು ಕಂಪ್ಯೂಟರಿನಲ್ಲಿದೆ.

ಆ ಮನೆಯಲ್ಲಿ ಇನ್ನೊಂದು ಕಂಪ್ಯೂಟರೆಂದರೆ ಅಣ್ಣನದು. ದಡದಡನೆ ಕೆಳಗೆ ಪ್ರೆಸ್ಸಿಗೆ ಇಳಿದು, ಅವನನ್ನು ಕುರ್ಚಿಯಿಂದ ಎಬ್ಬಿಸಿ ನೋಡಿದೆ. ಅಪ್ಪನ ನಂಬರೇ! ಎರಡಕ್ಕೂ ಒಂದೇ ನಂಬರು ಕೊಟ್ಟರೆ ಒಂದು ಇನ್ನೊಂದನ್ನು ಒಳಗೆ ಬಿಡುವುದಿಲ್ಲ, ಮುಟ್ಟಬೇಡ ಎಂದು ಇವನಿಗೆ ಪಾಠ ಹೇಳಿದವಳೂ ನಾನೇ.

"ಬೇಕೂಂತಲೇ ಮಾಡಿದೀಯ ಅಲ್ವಾ?"

ಅಣ್ಣ ಮೂಲೆಯತ್ತ ನೋಡಿದ. ಅಲ್ಲಿ ಟ್ರೆಡಲ್ ಇರಲಿಲ್ಲ. ಎಣ್ಣೆ ಕುಡಿದು ಕಪ್ಪಾದ ನೆಲ, ಬೋಲ್ಟು ಕಿತ್ತ ತೂತುಗಳು.

"ಗುಜರಿಗೆ ಕೊಟ್ಟೆ. ಹೊಸ ಮಷೀನಿಗೆ ಜಾಗ ಬೇಕಿತ್ತು. ಅಪ್ಪ ನೋಡಿದ್ರೆ ತಡ್ಕೊಳಲ್ಲ ಅಂತ…"

"ಅದಕ್ಕೆ ನನ್ನ ಕಾರ್ಡ್ ಮೇಲೆ ಗೂಬೆ ಕೂರಿಸಿದ್ಯಾ?"

"ಕೇಬಲ್ ಕಿತ್ತಿದ್ರೆ ನನ್ನನ್ನೇ ಕೇಳ್ತಿದ್ರು."

ಥೂ, ಎಂಥಾ ಹೇಡಿ! ಅವನ ನಂಬರು ಬದಲಿಸಿ, ತೋಳು ಹಿಡಿದು ಮೇಲಕ್ಕೆ ಎಳೆದುಕೊಂಡು ಹೋದೆ. "ನೀನೇ ಹೇಳು, ನಿನ್ನ ಬಾಯಿಂದಲೇ ಹೇಳು."

ಅಪ್ಪನ ಕಂಪ್ಯೂಟರನ್ನು ಮತ್ತೆ ಶುರು ಮಾಡಿದೆ. ಈ ಸಲ ತಕರಾರಿಲ್ಲದೆ ಚಿತ್ರ ಬಂತು, ಸ್ಪಷ್ಟವಾಗಿ, ಆ ಬೋಳು ಮೂಲೆ. ಅಪ್ಪ ಅದರ ಕಡೆ ತಿರುಗಲೂ ಇಲ್ಲ.

"ಏನು ಹೇಳ್ತೀಯೋ?" ಎಂದರು ಅಣ್ಣನಿಗೆ. "ಬೋಲ್ಟ್ ಬಿಚ್ಚಿದ್ದು, ನೆಲದ ಮೇಲೆ ಎಳೆದದ್ದು, ಎಲ್ಲ ಕೇಳಿಸ್ತು. ಚಿತ್ರ ಯಾರಿಗೆ ಬೇಕಿತ್ತು? ನಿಲ್ಸೋ ಅಂತ ಕೋಲು ಬಡಿದೆ."

ಅಪ್ಪ ನನ್ನತ್ತ ತಿರುಗಿದರು. ಅಷ್ಟು ಕೆಂಪಾದ ಅವರ ಕಣ್ಣನ್ನು ನಾನು ಯಾವತ್ತೂ ನೋಡಿರಲಿಲ್ಲ.

"ಅವನಂತೂ ಹಾಗೆ. ನೀನು ಬಂದಾಗ ಲಾರಿ ಇಲ್ಲೇ ಇತ್ತಲ್ಲೇ! ನೀನಾದ್ರೂ ಅದನ್ನ ತಡೀಲಿ ಅಂತ ಕರೆದೆ. ನೀನು ಆ ಡಬ್ಬದ ಮುಂದೆ ಕೂತೆ."

ಕಿಟಕಿಗೆ ಓಡಿದೆ. ಬೀದಿಯಲ್ಲಿ ನನ್ನ ಸ್ಕೂಟರೊಂದೇ ನಿಂತಿತ್ತು.

"ಆ ಡಬ್ಬಾನ ಆರಿಸು" ಎಂದರು ಅಪ್ಪ.